ಏಳನೆಯ ಸ್ಥಾನ

ಜೆರಾರ್ಡೊ ಮಾವ ನಮ್ಮ ಮನೆಯನ್ನು ಟೇಪು ಹಿಡಿದು ಅಳೆಯಲಿಲ್ಲ.
ನಡುಮನೆಯಲ್ಲಿ ನಿಂತು ತೋಳು ಚಾಚಿದ
(ನಡುಮನೆ ಅಂದರೂ ಅದೇ, ಹಿತ್ತಲೆಂದರೂ ಅದೇ)
'ಅಗಲ ಎರಡು ಮಾರು, ಮೇಲೊಂದು ಗೇಣು.
ಉದ್ದ ಕೇಳಬೇಡಿ' ಅಂದ.

ನೇಪಲ್ಸಿನ ಓಣಿಗೆ ಬಾಯ್ದೆರೆದ ನೆಲಮಟ್ಟದ ಒಂದೇ ಕೋಣೆ.
ಕಿಟಕಿಯಿಲ್ಲ. ಬಾಗಿಲೇ ಎರಡು ತುಂಡು:
ಮೇಲಿನದು ತೆಗೆದರೆ ಬೆಳಕು,
ಕೆಳಗಿನದು ತೆಗೆದರೆ ನೆಂಟರು.

ಐದು ಜನಕ್ಕೆ ಒಂದು ಮಂಚ,
ಅಮ್ಮನ ಮದುವೆಯ ಅಕ್ರೋಟು ಮರದ್ದು.
ಮಾರು ಅಂದರೆ ಮಾರಳು, ಕೊಯ್ಯೋಣವೆಂದರೆ ಅಳುವಳು.
ಮಾವ ಅದರ ಕಾಲಿಗೆ ಕಾಲು ಕೊಟ್ಟ.
ಮೊಳದೆತ್ತರ ಎದ್ದ ಮಂಚದ ಕೆಳಗೆ
ಗಾಲಿಯ ಮೇಲೊಂದು ಮರಿಮಂಚ,
ಮರಿಮಂಚದ ಹೊಟ್ಟೆಯಲ್ಲಿ ಡ್ರಾಯರು,
ಡ್ರಾಯರಿನ ಮೂಲೆಯಲ್ಲಿ ಈರುಳ್ಳಿ, ಅಪ್ಪನ ಕರೆಂಟು ಬಿಲ್ಲುಗಳು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ನಮ್ಮಲ್ಲಿ ಮೊದಲು ಹಾಸಿಗೆಯನ್ನು ಚಾಚಬೇಕು.
ಕಾಲಿನ ಮಾತು ಆಮೇಲೆ.

ಅಟ್ಟಕ್ಕೆ ಏರುವ ಮೆಟ್ಟಿಲೂ ಪೆಟ್ಟಿಗೆಗಳೇ.
ಒಂದನೆಯದರಲ್ಲಿ ಬೂಟು, ಎರಡನೆಯದರಲ್ಲಿ ಹಿಟ್ಟು,
ಮೂರನೆಯದಕ್ಕೆ ಅಜ್ಜಿಯ ಬೀಗ.
ಕತ್ತಲಲ್ಲಿ ಏರುವಾಗ ಪಾದಕ್ಕೆ ಗೊತ್ತಾಗುತ್ತಿತ್ತು
ಈಗ ಅಜ್ಜಿಯ ಗುಟ್ಟಿನ ಮೇಲೆ ನಿಂತಿದ್ದೇನೆಂದು.

ಊಟದ ಮೇಜು ಮಡಿಚಿದರೆ ಗೋಡೆ.
ಬೋಳುಹಲಗೆ ಕಾಣದಿರಲೆಂದು ಅದರ ಅಡಿಮೈಗೆ
ಮಾತೆ ಮರಿಯಳ ಪಟ ಅಂಟಿಸಿದ್ದಳು ಅಮ್ಮ.
ನಾವು ಉಣ್ಣುವಷ್ಟು ಹೊತ್ತೂ ಆಕೆ ಮುಖ ಕೆಳಗೆ ಮಾಡಿ
ನಮ್ಮ ಮೊಣಕಾಲು ನೋಡುತ್ತಿದ್ದಳು.
ಪಾದ್ರಿಗೆ ಹೇಳಬಾರದೆಂದು ಅಜ್ಜಿಯ ಕಟ್ಟಪ್ಪಣೆ.

ಮೇ ತಿಂಗಳು ಬಂತೆಂದರೆ ಕೌದಿಗಳು
ನಾಲ್ಕನೇ ಮಹಡಿಯ ಅಸುಂತಾಳ ಹಗ್ಗದ ಬುಟ್ಟಿಯಲ್ಲಿ ಕೂತು
ಓಲಾಡುತ್ತ ಮೇಲೆ ಹೋಗುತ್ತಿದ್ದವು.
ಅಕ್ಟೋಬರಿನಲ್ಲಿ ಇಳಿಯುವಾಗ
ಅವಳ ಬೆಕ್ಕಿನ ಕೂದಲು ಬಡ್ಡಿ.

ಎಲ್ಲವೂ ಹೀಗೆ ಒಂದರೊಳಗೊಂದು ಸೇರಿ
ಇನ್ನು ಸೂಜಿ ತಂದರೂ ದಾರ ಹೊರಗೇ ಎನ್ನುವಾಗ
ತಮ್ಮ ಸಾಬಾತೀನೊ ಬ್ಯಾಂಡಿನವರಿಂದ ಎರವಲು ತಂದ
ಟ್ರಾಂಬೋನು.

ಇಡುವುದು ಕಷ್ಟವಾಗಲಿಲ್ಲ. ಬಿಚ್ಚಿದರೆ ಮೂರು ತುಂಡು.
ಹಿತ್ತಾಳೆಯ ದೊಡ್ಡ ಬಾಯಿ ತೊಲೆಗೆ ತೂಗಿತು,
ವಾರದೊಳಗೆ ಅಜ್ಜಿ ಅದರಲ್ಲಿ ಬೆಳ್ಳುಳ್ಳಿ ಇಟ್ಟಳು.
ಆದರೆ ನುಡಿಸುವುದು?
ಅದರ ಕೊಳವೆಯನ್ನು ಮುಂದಕ್ಕೆ ಜಾರಿಸಬೇಕು,
ಒಂದೊಂದು ಸ್ವರಕ್ಕೆ ಒಂದೊಂದು ದೂರ, ಒಟ್ಟು ಏಳು.
ಐದನೆಯದಕ್ಕೆ ಕಪಾಟು ತಾಗುತ್ತಿತ್ತು,
ಆರನೆಯದಕ್ಕೆ ಅಜ್ಜಿ.
ಎರಡು ತಿಂಗಳು ನಾಲ್ಕು ಸ್ಥಾನದೊಳಗಿನ ಹಾಡುಗಳನ್ನೇ ನುಡಿಸಿದ.
ಸಂಗೀತ ಇಷ್ಟೇ ಇರಬೇಕು ಅಂದುಕೊಂಡಿದ್ದೆವು ನಾವು.

ಮಾವನನ್ನು ಕರೆಸಿದೆವು.
ಕಿವಿಯ ಪೆನ್ಸಿಲು ತೆಗೆದ, ಮತ್ತೆ ಸಿಕ್ಕಿಸಿಕೊಂಡ.
ಕಪಾಟು ಗುದ್ದಿ ನೋಡಿದ. ಅಜ್ಜಿಯನ್ನೂ ನೋಡಿದ.
ಕಾಫಿ ಕುಡಿದ.
ಕೊನೆಗೆ ಹುಡುಗನ ಭುಜ ಹಿಡಿದು ಬೀದಿಯ ಕಡೆಗೆ ತಿರುಗಿಸಿ
ಬಾಗಿಲಿನ ಮೇಲಿನ ತುಂಡನ್ನು ತೆರೆದ.
'ಊದು.'

ಕೊಳವೆ ಹೊಸ್ತಿಲು ದಾಟಿತು, ಓಣಿಯೊಳಗೆ ಹೋಯಿತು,
ಐದು, ಆರು,
ಇಳಿಯುತ್ತಿದ್ದ ಅಸುಂತಾಳ ಬುಟ್ಟಿಗೆ ತಗುಲಿ
ಎರಡು ಟೊಮೇಟೊ ಬಿದ್ದವು,
ಏಳು.
ಅಷ್ಟು ತಗ್ಗಿನ ಸ್ವರ ನಮ್ಮ ಮನೆಗೆ ಹೊಸದು.
ಗೋಡೆಯ ತಟ್ಟೆಗಳು ನಡುಗಿದವು.
ಮೂರನೆಯ ಮೆಟ್ಟಿಲೊಳಗೆ ಏನೋ ಗಲ್ ಎಂದಿತು.
ಎಲ್ಲರೂ ಅಜ್ಜಿಯ ಕಡೆ ನೋಡಿದೆವು,
ಅವಳು ಮೇಜಿನ ಕಡೆ.

ಮಾವ ಕೂಲಿ ತೆಗೆದುಕೊಳ್ಳಲಿಲ್ಲ.
'ಓಣಿ ನಾನು ಮಾಡಿದ್ದಲ್ಲ' ಅಂದ.

ಈಗ ಸಂಜೆ ಆರಕ್ಕೆ ನಮ್ಮ ಬಾಗಿಲ ಮುಂದೆ
ಮೀನಿನವನು, ಸ್ಕೂಟರಿನ ಹುಡುಗರು, ಬಸುರಿಯರು
ಎಲ್ಲರೂ ತಲೆ ಬಗ್ಗಿಸಿಯೇ ಹೋಗುತ್ತಾರೆ.
ಎದುರು ಗೋಡೆಯ ಗೂಡಿನಲ್ಲಿ ಮಾತೆ ಮರಿಯ ಇದ್ದಾಳೆ.
ಊರಿಗೆ ಹೊಸಬರು ಅವಳಿಗೆಂದುಕೊಂಡು
ತಾವೂ ಬಗ್ಗುತ್ತಾರೆ.